ಕೀಫ್ರೇಮು, ಅಜ್ಜಿ ಮತ್ತು ಒಂದು ಗ್ರೂಪ್ ಫೋಟೋ

ಮಾವ ಫೋನ್ ಮಾಡಿದಾಗ ರಾತ್ರಿ ಹತ್ತು ಗಂಟೆ. "ಅಜ್ಜಿದು ವರ್ಷದ ಕಾರ್ಯ ಬಂತಲ್ಲ, ಹಳೇ ಫೋಟೋ ಎಲ್ಲಾ ಸೇರಿಸಿ ಒಂದು ವಿಡಿಯೋ ಮಾಡ್ಕೊಂಡು ಬಾರಮ್ಮ. ಕಂಪ್ಯೂಟರ್ ಎಂಜಿನಿಯರ್ ಅಲ್ವಾ ನೀನು!"

ನಾನು ದಿನಾ ಮಾಡುವುದು ಯಾವುದೋ ದೇಶದ ಬ್ಯಾಂಕಿನ ಸರ್ವರ್‌ಗೆ ಜಾವಾದಲ್ಲಿ ಕೋಡ್ ಕುಟ್ಟುವ ಕೆಲಸ. ವಿಡಿಯೋಗೂ ನನಗೂ ಸಂಬಂಧವೇ ಇಲ್ಲ. ಆದರೆ ನಮ್ಮೂರಲ್ಲಿ ಕಂಪ್ಯೂಟರ್ ಎಂಜಿನಿಯರ್ ಅಂದರೆ ಪ್ರಿಂಟರ್ ರಿಪೇರಿಯಿಂದ ರೈಲ್ವೆ ಟಿಕೆಟ್‌ವರೆಗೆ ಎಲ್ಲಾ ಬರಬೇಕು. ಹೂಂ ಅಂದುಬಿಟ್ಟೆ.

ಪುಕ್ಕಟೆ ಸಿಗುತ್ತದಲ್ಲ ಅಂತ ಕೆಡೆನ್‌ಲೈವ್ ಹಾಕಿಕೊಂಡು, ಸಿಕ್ಕ ಫೋಟೋಗಳನ್ನೆಲ್ಲ ಐದೈದು ಸೆಕೆಂಡಿನಂತೆ ಸಾಲಾಗಿ ಜೋಡಿಸಿ ನೋಡಿದೆ. ಥೇಟ್ ಯಾವುದೋ ಸಂಘದ ವಾರ್ಷಿಕ ವರದಿ! ಒಂದಕ್ಕೂ ಜೀವ ಇಲ್ಲ. ಆಗ ಗಂಟುಬಿದ್ದದ್ದು ಈ ಕೀಫ್ರೇಮು.

ವಿಷಯ ಸುಲಭ. ಸೆಕೆಂಡಿಗೆ 25 ಫ್ರೇಮಿನಂತೆ ಐದು ಸೆಕೆಂಡಿಗೆ 125 ಫ್ರೇಮು. ಮೊದಲನೆಯದರಲ್ಲಿ ಫೋಟೋ ಪೂರ್ತಿ ಕಾಣಲಿ, ಕೊನೆಯದರಲ್ಲಿ ಇವರ ಮುಖ ಇಷ್ಟು ದೊಡ್ಡದಾಗಿ ಇಲ್ಲಿರಲಿ ಅಂತ ಎರಡು ಕಡೆ ಮಾತ್ರ ನಾವು ಹೇಳುವುದು. ನಡುವಿನ 123 ಫ್ರೇಮುಗಳಲ್ಲಿ ಎಷ್ಟೆಷ್ಟು ಸರಿಯಬೇಕು, ಎಷ್ಟೆಷ್ಟು ಹಿಗ್ಗಬೇಕು ಅನ್ನುವ ಲೆಕ್ಕ ಸಾಫ್ಟ್‌ವೇರಿನದು. ಹಿಂದೆ ಡಿಸ್ನಿಯಂಥ ಸ್ಟುಡಿಯೋಗಳಲ್ಲಿ ಇದಕ್ಕೆ ಮನುಷ್ಯರೇ ಇದ್ದರು. ಹಿರಿಯ ಕಲಾವಿದ ಮುಖ್ಯ ಭಂಗಿಗಳನ್ನಷ್ಟೇ ಬರೆದು ಕೊಡುತ್ತಿದ್ದ, ನಡುವಿನ ಚಿತ್ರಗಳನ್ನೆಲ್ಲ ಕಿರಿಯರು ಕೂತು ಬರೆಯಬೇಕು. (ನನ್ನ ಟೀಮಿನಲ್ಲಿ ಈಗಲೂ ಹಾಗೇ, ಬಿಡಿ.) ಆ ಕಿರಿಯರ ಕೆಲಸವನ್ನು ಕಂಪ್ಯೂಟರಿಗೆ ಕಲಿಸಿದವರಲ್ಲಿ ಕೆನಡಾದ ನೆಸ್ಟರ್ ಬರ್ಟ್‌ನಿಕ್ ಮತ್ತು ಮಾರ್ಸೆಲಿ ವೈನ್ ಮೊದಲಿಗರು. ಅವರ ವ್ಯವಸ್ಥೆಯಲ್ಲೇ ಪೀಟರ್ ಫೋಲ್ಡೆಸ್ 1974ರಲ್ಲಿ 'ಹಂಗರ್' ಅನ್ನುವ ಕಿರುಚಿತ್ರ ಮಾಡಿದ. ಇನ್ನು ನಿಂತ ಫೋಟೋದ ಮೇಲೆ ಕ್ಯಾಮೆರಾ ಓಡಿಸಿ ಕಥೆ ಹೇಳುವುದಕ್ಕೆ ಈಗ ಕೆನ್ ಬರ್ನ್ಸ್ ಹೆಸರು ಅಂಟಿಕೊಂಡಿದೆ. ಆದರೆ 1957ರಲ್ಲೇ ಕೆನಡಾದವರು 'ಸಿಟಿ ಆಫ್ ಗೋಲ್ಡ್' ಚಿತ್ರದಲ್ಲಿ ಅದನ್ನು ಮಾಡಿದ್ದರು.

ನಮ್ಮಜ್ಜಿಗೆ ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲ. ಹಾಗಾಗಿ ವಯಸ್ಸಿದ್ದಾಗಿನದು ಅಂತ ಇರುವುದು ಒಂದೇ ಫೋಟೋ, 1994ರ ಅಮ್ಮನ ಮದುವೆಯ ಗ್ರೂಪ್ ಫೋಟೋ. ಹದಿನಾಲ್ಕು ಜನ. ಮಧ್ಯದಲ್ಲಿ ಅಪ್ಪ ಅಮ್ಮ, ಕೆಳಗೆ ಚಡ್ಡಿ ಹಾಕಿಕೊಂಡು ಕೂತ ಮಾವ, ಬಲಗಡೆ ತುದಿಯಲ್ಲಿ ತಲೆ ಮೇಲೆ ಸೆರಗು ಹೊದ್ದ ಅಜ್ಜಿ. ಅಡುಗೆ ಮನೆಯಿಂದ ಯಾರೋ ಎಳೆದು ತಂದು ನಿಲ್ಲಿಸಿದ ಹಾಗೆ. ಅಮ್ಮನಿಂದ ಶುರು ಮಾಡಿ ನಿಧಾನಕ್ಕೆ ಸರಿದು ಅಜ್ಜಿಯ ಮುಖಕ್ಕೆ ಬಂದು ನಿಲ್ಲಬೇಕು ಅಂತ ನನ್ನ ಪ್ಲಾನು.

ಅಷ್ಟು ಸುಲಭಕ್ಕೆ ಬಗ್ಗಲಿಲ್ಲ ಅದು. ಆರು ಇಂಚು ಅಗಲದ ಫೋಟೋವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಬರುವುದೇ 1800 ಪಿಕ್ಸೆಲ್, ಫುಲ್ ಎಚ್‌ಡಿ ಪರದೆ ತುಂಬುವುದಕ್ಕೇ 1920 ಬೇಕು. ಸ್ವಲ್ಪ ಹಿಗ್ಗಿಸಿದ್ದೇ ತಡ, ಅಜ್ಜಿ ಚೌಕ ಚೌಕವಾಗಿ ಒಡೆದು ಹೋದರು. 1200ರಲ್ಲಿ ಮತ್ತೆ ಸ್ಕ್ಯಾನ್ ಮಾಡಿದೆ. ಫೋಟೋದಲ್ಲೇ ಇಲ್ಲದ್ದನ್ನು ಸ್ಕ್ಯಾನರ್ ಎಲ್ಲಿಂದ ತರುತ್ತದೆ, ಮಸುಕು ಮಸುಕೇ, ಆದರೂ ಪರವಾಗಿಲ್ಲ ಅನ್ನಿಸಿತು. ಆಮೇಲೆ ಚಲನೆ. ಲೀನಿಯರ್ ಇಟ್ಟರೆ ಲಿಫ್ಟ್ ಹೋದಂತೆ ಗಕ್ಕನೆ ಹೊರಟು ಗಕ್ಕನೆ ನಿಲ್ಲುತ್ತದೆ. ಸ್ಮೂತ್ ಇಟ್ಟರೆ ಹೊರಡುವುದು, ಬರುವುದು ಚೆಂದ, ಆದರೆ ಅಜ್ಜಿಯ ಮುಖಕ್ಕೆ ಬಂದ ಮೇಲೂ ನಿಲ್ಲುವುದಿಲ್ಲ, ಒಂದು ಕೂದಲೆಳೆ ದಾಟಿ ಹೋಗಿ ವಾಪಸ್ ಬರುತ್ತದೆ! ನಿಲ್ಲಿಸಬೇಕಾದರೂ ಕೀಫ್ರೇಮ್ ಬೇಕು, ಒಂದಲ್ಲ ಎರಡು. ನಿಲ್ಲುವ ಜಾಗದಲ್ಲೊಂದು, ಮೂರು ಸೆಕೆಂಡು ಬಿಟ್ಟು ಅದೇ ಅಳತೆಯದು ಇನ್ನೊಂದು, ನಡುವೆ ಮಾತ್ರ ಲೀನಿಯರ್. ಇಷ್ಟು ತಿಳಿಯುವುದಕ್ಕೆ ಎರಡು ರಾತ್ರಿ ಹೋಯಿತು ನೋಡಿ.

ಶನಿವಾರ ತಿಪಟೂರಿಗೆ ಹೋದವಳೇ ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ ಅಮ್ಮನಿಗೆ ತೋರಿಸಿದೆ. ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅಮ್ಮ ಆ ಫೋಟೋ ಬಂದಾಗ ಕೈ ನಿಲ್ಲಿಸಿದರು. "ಇನ್ನೊಂದ್ಸಲ ಹಾಕು." ಹಾಕಿದೆ. "ಇನ್ನೊಂದ್ಸಲ." ನನ್ನ ಕೀಫ್ರೇಮಿಗೆ ಮೆಚ್ಚಿಕೊಂಡರು ಅಂದುಕೊಂಡು ಒಳಗೊಳಗೇ ಹಿಗ್ಗಿದೆ.

"ಅವ್ವನ ಕಿವಿ ನೋಡು."

ಆಗ ನೋಡಿದೆ. ಫ್ಲಾಶ್ ಬೆಳಕಿಗೆ ಫೋಟೋದಲ್ಲಿರುವ ಎಲ್ಲ ಹೆಂಗಸರ ಕಿವಿಯಲ್ಲೂ ಒಂದೊಂದು ಬಿಳಿ ಚುಕ್ಕಿ ಹೊಳೆಯುತ್ತಿದೆ. ಅಜ್ಜಿಯ ಸೆರಗು ಒಂದು ಪಕ್ಕ ಜಾರಿತ್ತು. ಆ ಕಿವಿಯಲ್ಲಿ ಏನೂ ಇಲ್ಲ.

"ಆ ವರ್ಷ ಬೋರ್ ಹಾಕ್ಸಿ ನೀರು ಬೀಳ್ದೆ ಕೈ ಸುಟ್ಕೊಂಡಿದ್ರು. ಹೊಸದು ಮಾಡ್ಸಿದೀವಿ ಅಂತ ನನಗೆ ಬೆಂಡೋಲೆ ಹಾಕಿದ್ರು. ಅವ್ವಂದೇ ಪಾಲಿಶ್ ಹಾಕ್ಸಿದ್ದು ಅಂತ ಗೊತ್ತಾಗಿದ್ದು ನೀನು ಹುಟ್ಟಿದ್ಮೇಲೆ. ಮದುವೆ ದಿನ ಪೂರ್ತಿ ಸೆರಗು ತೆಗೀಲಿಲ್ಲ ಕಣೇ."

ನಾನು ಸುಮ್ಮನೆ ಕೂತೆ. ನನ್ನ ಮೊದಲ ಕೀಫ್ರೇಮ್ ಇದ್ದದ್ದು ಅಮ್ಮನ ಮುಖದ ಮೇಲೆ, ಎರಡೂ ಕಿವಿಯಲ್ಲಿ ಫಳಫಳ ಚುಕ್ಕಿ. ಅಲ್ಲಿಂದ ನಾನೇ ಕ್ಯಾಮೆರಾ ಸರಿಸಿಕೊಂಡು ಹೋಗಿ ಅಜ್ಜಿಯ ಬರಿಗಿವಿಯ ಮೇಲೆ ಮೂರು ಸೆಕೆಂಡು ನಿಲ್ಲಿಸಿದ್ದೆ. ಗೊತ್ತಿಲ್ಲದೇ.

ಇದನ್ನು ಹೀಗೇ ಬಿಡೋಣ ಅಂತ ನಾನು ವಾದಿಸಿದೆ. ಅಜ್ಜಿ ಎಂಥವರು ಅಂತ ಎಲ್ಲರಿಗೂ ತಿಳಿಯಲಿ ಅಂದೆ. ಅಮ್ಮ ಒಪ್ಪಲಿಲ್ಲ. "ಅವತ್ತು ಮುಚ್ಕೊಂಡಿದ್ದನ್ನ ಇವತ್ತು ಟಿವೀಲಿ ತೋರಿಸ್ತೀಯಾ? ದೂರಕ್ಕೆ ಹಾಕು."

ಆ ರಾತ್ರಿ ಕೂತು ಎರಡು ಕೀಫ್ರೇಮುಗಳ ಅಳತೆ ಇಳಿಸಿದೆ. ಶೇಕಡಾ 380 ಇದ್ದದ್ದು 160. ಕಿವಿ ಕಾಣುವುದಿಲ್ಲ, ಮುಖ ಕಾಣುತ್ತದೆ, ಅಕ್ಕಪಕ್ಕದ ಇಬ್ಬರು ಅತ್ತೆಯರೂ ಬರುತ್ತಾರೆ. ನಡುವಿನ ಫ್ರೇಮುಗಳೆಲ್ಲ ತಾವಾಗೇ ಹೊಸ ಲೆಕ್ಕಕ್ಕೆ ಹೊಂದಿಕೊಂಡವು. ಹಳೆಯ ಪ್ರಾಜೆಕ್ಟ್ ಫೈಲನ್ನು ಬೇರೆ ಹೆಸರಲ್ಲಿ ಉಳಿಸಿಕೊಂಡಿದ್ದೇನೆ, ಅಮ್ಮನಿಗೆ ಹೇಳಿಲ್ಲ.

ಕಾರ್ಯದ ದಿನ ಊಟ ಆದ ಮೇಲೆ ನಡುಮನೆಯಲ್ಲಿ ಹಾಕಿದೆವು. ಕೆಲವರು ಅತ್ತರು, ಇಬ್ಬರು ನಿದ್ದೆ ಹೊಡೆದರು, ಮಕ್ಕಳು ಚಡ್ಡಿ ಹಾಕಿದ ಮಾವನನ್ನು ನೋಡಿ ಕೇಕೆ ಹಾಕಿದವು. ಗ್ರೂಪ್ ಫೋಟೋ ಅಜ್ಜಿಯ ಹತ್ತಿರ ಬಂದು ನಿಂತಾಗ ಮಾವ ಮುಂದಕ್ಕೆ ಬಗ್ಗಿದರು.

"ಇನ್ನೊಂಚೂರು ಹತ್ತಿರ ತರಬೋದಿತ್ತಲ್ಲಮ್ಮ, ಅವ್ವನ ಮುಖ ಸರಿಯಾಗಿ ಕಾಣಲ್ಲ."

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಮ್ಮನ ದನಿ ಬಂತು.

"ಹಳೇ ಫೋಟೋ ಕಣೋ ಅದು. ಜಾಸ್ತಿ ದೊಡ್ಡದು ಮಾಡಿದ್ರೆ ಒಡೆದು ಹೋಗುತ್ತಂತೆ."