ಟೀ-ಶರ್ಟಿನ ಕೌದಿ

‘ಬೆಸ್ಟ್ ಔಟ್ ಆಫ್ ವೇಸ್ಟ್’ ಅಂತ ಶಾಲೆಯಿಂದ ಮೆಸೇಜ್ ಬಂತು ಅಂದ್ರೆ ನಮ್ಮ ಏರಿಯಾದ ಸ್ಟೇಷನರಿ ಅಂಗಡಿಯವನಿಗೆ ಹಬ್ಬ. ಥರ್ಮೋಕೋಲ್ ಶೀಟು, ಗ್ಲಿಟರ್, ಪ್ಲಾಸ್ಟಿಕ್ ಹೂವು, ಐಸ್‌ಕ್ರೀಮ್ ಕಡ್ಡಿಗಳ ಪ್ಯಾಕೆಟ್ಟು. ತಿಂದು ಬಿಟ್ಟ ಕಡ್ಡಿ ಅಲ್ಲ ಸ್ವಾಮಿ, ಐಸ್‌ಕ್ರೀಮಿನ ಮುಖವನ್ನೇ ನೋಡದ ಹೊಸ ಕಡ್ಡಿ! ಕಸದಿಂದ ರಸ ತೆಗೆಯೋಕೆ ಮೊದಲು ಇನ್ನೂರು ರೂಪಾಯಿಯ ಕಸ ಕೊಳ್ಳಬೇಕು.

ಮೂರನೇ ಕ್ಲಾಸಿನ ನನ್ನ ಮಗಳಿಗೂ ಆ ಪ್ರಾಜೆಕ್ಟ್ ಬಂತು. ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ನೀರಿನ ಬಾಟಲಿಯಿಂದ ನವಿಲು ಮಾಡುವ ವಿಡಿಯೋ ಹಾಕಿದ್ರು. ಗದಗದ ಕಡೆಯ ನಮ್ಮ ಹಳ್ಳಿಯಿಂದ ಬಂದಿದ್ದ ಅವ್ವ ಅದನ್ನ ಪೂರ್ತಿ ನೋಡಿ, ‘ಬಾಟ್ಲಿ ಚಲೋ ಐತಲ್ಲೋ ತಮ್ಮಾ, ಯಾಕ ಕೆಡಸ್ತೀರಿ?’ ಅಂದಳು.

ಅವ್ವನ ಮಾತು ಅಕ್ಷರಶಃ ನಿಜ. ನೀರಿನ ಬಾಟಲಿ ಪಿಇಟಿ ಪ್ಲಾಸ್ಟಿಕ್ಕಿನದು, ಗುಜರಿಯಲ್ಲಿ ಅದಕ್ಕೆ ಬೆಲೆ ಇದೆ. ಚೂರು ಮಾಡಿ, ತೊಳೆದು, ಕರಗಿಸಿ ಪಾಲಿಯೆಸ್ಟರ್ ನೂಲು ತೆಗೀತಾರೆ. ಅದೇ ಬಾಟಲಿಗೆ ಅಂಟು, ಥರ್ಮೋಕೋಲ್, ಗ್ಲಿಟರ್ ಮೆತ್ತಿ ಕೊಟ್ಟರೆ ಯಾರೂ ಮುಟ್ಟಲ್ಲ. ಗ್ಲಿಟರೇ ಪ್ಲಾಸ್ಟಿಕ್ಕಿನ ಪುಡಿ. ನವಿಲು ಒಂದು ವಾರ ಶಾಲೆಯ ಕಾರಿಡಾರಿನಲ್ಲಿ ಕುಣಿದು, ಆಮೇಲೆ ಗುಜರಿಗೂ ಬೇಡದ ಕಸವಾಗುತ್ತೆ. ಪರಿಸರ ಪಾಠದ ಹೆಸರಲ್ಲಿ ಕಸವಲ್ಲದ್ದನ್ನ ಕಸ ಮಾಡಿದ್ದಾಯ್ತು.

ಆ ಕಸ ಹೋಗೋದು ಯಾವುದೋ ಒಂದು ಊರಿಗೆ. 2012ರಲ್ಲಿ ಮಾವಳ್ಳಿಪುರದವರು, 2014ರಲ್ಲಿ ಮಂಡೂರಿನವರು ಬೆಂಗಳೂರಿನ ಕಸ ನಮಗೆ ಸಾಕು ಅಂತ ಎದ್ದು ನಿಂತಾಗ ನಾವದನ್ನ ‘ಗಾರ್ಬೇಜ್ ಪ್ರಾಬ್ಲಂ’ ಅಂದ್ವಿ. ಬಾವಿ ನೀರು ಕುಡಿದು ಬೆಳೆದ ನನಗೆ ಅದು ಬಾವಿಯ ಪ್ರಾಬ್ಲಂ ಅಂತಲೇ ಕೇಳಿಸಿತ್ತು.

ಹಾಗಂತ ಕಸದಲ್ಲಿ ಕಲೆ ಇಲ್ಲ ಅಂತಲ್ಲ. ಚಂಡೀಗಢದ ರಾಕ್ ಗಾರ್ಡನ್ ನೋಡಿದವರಿಗೆ ಗೊತ್ತು. ನೇಕ್ ಚಂದ್ ಅನ್ನೋ ರೋಡ್ ಇನ್ಸ್‌ಪೆಕ್ಟರ್, ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಒಡೆದ ಪಿಂಗಾಣಿ, ಬಳೆಚೂರುಗಳನ್ನ 1957ರಿಂದ ಗುಟ್ಟಾಗಿ ಕೂಡಿಹಾಕಿ ಕಟ್ಟಿದ್ದು ಅದು. ಅವರು ಬಳೆ ಕೊಂಡು ಒಡೆಯಲಿಲ್ಲ.

‘ಕೌದಿ ಹೊಲಿಯೂಣು’ ಅಂದಳು ಅವ್ವ. ಹಳೇ ಸೀರೆ, ಧೋತರ, ಮಕ್ಕಳ ಅಂಗಿ ಎಲ್ಲಾ ಒಂದರ ಮೇಲೊಂದು ಹಾಸಿ, ಸಾಲಿನ ಪಕ್ಕ ಸಾಲು ಸಣ್ಣ ಹೊಲಿಗೆ ಹಾಕ್ತಾ ಹೋಗೋದು. ಅಂಟಿಲ್ಲ, ಮಷಿನ್ನಿಲ್ಲ. ಹರಿದರೆ ಮೇಲೊಂದು ತೇಪೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಶುರು ಮಾಡಿ ನಡುವಿಗೆ ಬರ್ತಾರೆ. ಮೂಲೆಗಳಲ್ಲಿ ಮಡಚಿದ ತ್ರಿಕೋನದ ‘ಫುಲ’ ಕೂರದಿದ್ರೆ ಅವರ ಲೆಕ್ಕದಲ್ಲಿ ಕೌದಿ ಮುಗಿದಿಲ್ಲ.

ನಮ್ಮ ಮನೆಯಲ್ಲಿ ಹಳೇ ಸೀರೆ ಎಲ್ಲಿಂದ ಬರಬೇಕು? ಇದ್ದದ್ದು ಟೀ-ಶರ್ಟು. ನಿಮ್ಮ ಕಪಾಟಲ್ಲೂ ಇರ್ತವೆ ಬಿಡಿ: ಹ್ಯಾಕಥಾನ್‌ದು, ಪ್ರಾಡಕ್ಟ್ ಲಾಂಚ್‌ದು, ಓಡದ ಮ್ಯಾರಥಾನ್‌ದು. ಜೂನ್ 5ರ ಪರಿಸರ ದಿನಕ್ಕೆ ಆಫೀಸಲ್ಲಿ ಹಂಚಿದ ‘ಗೋ ಗ್ರೀನ್’ ಟೀ-ಶರ್ಟೂ ಸಿಕ್ಕಿತು. ಪಕ್ಕಾ ಪಾಲಿಯೆಸ್ಟರ್. ‘ಬನಿಯನ್ ಅರಿವಿ, ಹಿಡದ್ರ ಜಗ್ಗತಾವು’ ಅಂತ ಅವ್ವ ಗೊಣಗಿ, ಕೆಳಗೊಂದು ಹಳೇ ಬೆಡ್‌ಶೀಟ್ ಹಾಸಿದಳು.

ಶಾಲೆಗೆ ಅಂತ ಗೇಣುದ್ದದ ತುಂಡು ಹೊಲಿದಿದ್ದಾಯ್ತು. ‘ಫಿನಿಶಿಂಗ್ ಸಾಲದು’ ಅಂತ ಷರಾ ಬಂತು, ಇರಲಿ. ಆದರೆ ಅಷ್ಟರಲ್ಲಿ ಅಪಾರ್ಟ್‌ಮೆಂಟಿನ ಮಕ್ಕಳು ಅವ್ವನ ಸುತ್ತ ಸೇರಿಬಿಟ್ಟಿದ್ದರು, ದೊಡ್ಡ ಕೌದಿ ಬೇಕು ಅಂತ. ಬೇಸ್‌ಮೆಂಟಿನಲ್ಲಿ ಚಾಪೆ ಹಾಸಿ ಭಾನುವಾರ ಭಾನುವಾರ ಹೊಲಿಗೆ. ಎರಡನೇ ಮಹಡಿಯ ತಾತ ತೀರಿಕೊಂಡ ಹೆಂಡತಿಯ ಕಾಟನ್ ಸೀರೆ ತಂದು ಕೊಟ್ಟು, ಮಾತಾಡದೆ ಲಿಫ್ಟ್ ಹತ್ತಿದರು. ಅದನ್ನ ಕತ್ತರಿಸುವಾಗ ಮಕ್ಕಳೂ ಗಲಾಟೆ ಮಾಡಲಿಲ್ಲ.

ಒಂದು ದಿನ ನಾನು ಎರಡು ಎಳೆ ಸುಟ್ಟು ತೋರಿಸಿದೆ. ತಾತ ಕೊಟ್ಟ ಸೀರೆಯ ಎಳೆ ಉರಿದು ಬೂದಿಯಾಯ್ತು. ‘ಗೋ ಗ್ರೀನ್’ ಎಳೆ ಕರಗಿ ಕಪ್ಪು ಮಣಿಯಂತೆ ಗಟ್ಟಿಯಾಯ್ತು. ಬಾಟಲಿಯೂ ಇದೇ ಜಾತಿ ಅಂದೆ. ಮಗಳು ತನ್ನ ಜೆರ್ಸಿ ಮುಟ್ಟಿ ನೋಡಿಕೊಂಡು ಕೇಳಿದಳು: ‘ಅಂದ್ರೆ ಅಪ್ಪಾ, ನಾನು ಬಾಟ್ಲಿ ಹಾಕ್ಕೊಂಡಿದೀನಾ?’ ಎಷ್ಟು ಪಿಪಿಟಿ ತೋರಿಸಿದ್ರೆ ಈ ಪ್ರಶ್ನೆ ಬರುತ್ತೆ ಹೇಳಿ.

ಕೌದಿ ಮುಗಿದಾಗ ಅಸೋಸಿಯೇಷನ್‌ನವರು ಫ್ರೇಮ್ ಹಾಕಿಸಿ ಕ್ಲಬ್‌ಹೌಸಿನಲ್ಲಿ ತೂಗು ಹಾಕೋಣ ಅಂದ್ರು, ಕಮ್ಯುನಿಟಿ ಆರ್ಟ್ ಅಂತ ಕೆಳಗೆ ಬೋರ್ಡು. ಅವ್ವ ನಕ್ಕುಬಿಟ್ಟಳು. ‘ಗ್ವಾಡಿಗೆ ಥಂಡಿ ಹತ್ತತೈತೇನು?’

ಈಗ ಅದನ್ನ ಗೇಟಿನ ರಾತ್ರಿ ಪಾಳಿಯ ಅಣ್ಣ ಹೊದ್ದು ಕೂರ್ತಾರೆ. ಹೆಗಲ ಮೇಲೆ ಹ್ಯಾಕಥಾನ್, ಮೊಣಕಾಲ ಮೇಲೆ ತಾತನ ಮನೆಯ ಸೀರೆ. ಹಗಲು ಪಾಳಿಯವರು ತಮಗ್ಯಾವಾಗ ಅಂತ ಕೇಳ್ತಿದ್ದಾರೆ. ಅವ್ವ ಬಿತ್ತನೆಗೆ ಅಂತ ಊರಿಗೆ ಹೋದಳು, ತನ್ನ ಸೂಜಿಯನ್ನೂ ಒಯ್ದಳು. ಟೀ-ಶರ್ಟಿಗೇನೂ ಬರವಿಲ್ಲ. ಕೌದಿ ಹೊಲಿಯೋ ದೊಡ್ಡ ಸೂಜಿ ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ ಅಂತ ನಿಮಗೇನಾದ್ರೂ ಗೊತ್ತಿದ್ರೆ ಹೇಳಿ.