ಏಳನೇ ನಂಬರಿನ ಸಹಿ

ಇಂಗ್ಲಿಷ್ ಮೇಷ್ಟ್ರು ನಮ್ಮ ಹತ್ತನೇ ತರಗತಿಗೆ ಓದಲು ಕೊಟ್ಟಿದ್ದ ಕರಡಿ ಚಿತ್ರದ ಪುಸ್ತಕ ಮೂರು ವಾರ ಎಲ್ಲಿ ಹೋಗಿತ್ತು ಎಂದು ನೀವೆಲ್ಲ ಕೇಳುತ್ತಿದ್ದಿರಿ. ಅತ್ತೆ ಮನೇಲಿ ಮರೆತು ಬಂದೆ ಅಂತ ನಾನು ಹೇಳಿದ್ದೆ. ಅದು ಸುಳ್ಳು. ಪುಸ್ತಕ ನಮ್ಮ ಮನೆಯಲ್ಲೇ ಇತ್ತು. ಗೋಡೆ ಪತ್ರಿಕೆಗೆ ಈ ಸಲ ಏನಾದರೂ ಬರೆದುಕೊಡು ಎಂದು ಮೇಷ್ಟ್ರು ಹೇಳಿದ್ದರಿಂದ ಅದನ್ನೇ ಬರೆಯುತ್ತಿದ್ದೇನೆ.

ಬೇರೆ ತರಗತಿಯವರಿಗಾಗಿ ಪುಸ್ತಕದ ವಿಷಯ ಸ್ವಲ್ಪ ಹೇಳುತ್ತೇನೆ. ಹೆಸರು ‘ಎ ವಾಕ್ ಇನ್ ದ ವುಡ್ಸ್’. ಬರೆದವರು ಬಿಲ್ ಬ್ರೈಸನ್. ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾಯಿತು. ಆ ದೇಶದ ಪೂರ್ವ ಭಾಗದಲ್ಲಿ ಅಪಲೇಶಿಯನ್ ಟ್ರೇಲ್ ಎಂಬ ಕಾಲುದಾರಿ ಇದೆ. ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಬೆಟ್ಟದವರೆಗೆ, 14 ರಾಜ್ಯಗಳನ್ನು ದಾಟಿ, ಸುಮಾರು 3,500 ಕಿಲೋಮೀಟರ್. ದಾರಿ ತಪ್ಪದಿರಲಿ ಎಂದು ಮರಗಳಿಗೆ ಬಿಳಿ ಪಟ್ಟಿ ಬಳಿದಿರುತ್ತಾರೆ. ಬೆಂಟನ್ ಮಕಾಯ್ ಎಂಬುವರು 1921ರಲ್ಲಿ ಇದನ್ನು ಸೂಚಿಸಿದರು, 1937ರಲ್ಲಿ ದಾರಿ ಪೂರ್ತಿಯಾಯಿತು. ಬ್ರೈಸನ್ ಸುಮಾರು ಇಪ್ಪತ್ತು ವರ್ಷ ಇಂಗ್ಲೆಂಡಿನಲ್ಲಿದ್ದು ತಮ್ಮ ದೇಶಕ್ಕೆ ವಾಪಸ್ ಬಂದವರು. 1996ರಲ್ಲಿ, ನಲವತ್ತು ದಾಟಿದ ಮೇಲೆ, ಈ ದಾರಿ ಹಿಡಿದು ಹೊರಟರು. ಜೊತೆಗೆ ಕಾಟ್ಜ್ ಅಂತ ಹಳೇ ಸ್ನೇಹಿತ, ಒಳ್ಳೇ ದಪ್ಪಗಿನ ಆಸಾಮಿ. ಅದು ಅವನ ನಿಜವಾದ ಹೆಸರಲ್ಲವಂತೆ. ಇಂಥಾದ್ದು ಬರೆದರೆ ಯಾರು ತಾನೇ ನಿಜ ಹೆಸರು ಹಾಕಿಸಿಕೊಳ್ಳುತ್ತಾರೆ!

ಮೇಷ್ಟ್ರು ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಸ್ಕೇಲಿನಿಂದ ಗೆರೆ ಎಳೆದು ಕ್ರಮ ಸಂಖ್ಯೆ, ಹೆಸರು, ಸಹಿ ಎಂದು ಬರೆದಿದ್ದರು. ಓದಿ ಮುಗಿಸಿದವರು ಸಹಿ ಹಾಕಿ ಮುಂದಿನವರಿಗೆ ಕೊಡಬೇಕು. ಕಷ್ಟದ ಪದಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡ ಅರ್ಥ ಬರೆದಿದ್ದರು. ಕೆಲವು ಕಡೆ ಕಾಟ್ಜ್ ಕೆಟ್ಟ ಮಾತು ಆಡಿದಲ್ಲಿ ‘ಇದು ಬೇಡ’ ಎಂದು ಬರೆದಿದ್ದರು. ಎಲ್ಲರೂ ಮೊದಲು ಹುಡುಕಿದ್ದು ಅದನ್ನೇ. (ಮೇಷ್ಟ್ರೇ, ಕ್ಷಮಿಸಿ.)

ನನ್ನದು ಏಳನೇ ನಂಬರು. ಮೊದಲ ಎರಡು ಪುಟ ಓದಲು ಒಂದು ಸಂಜೆ ಪೂರಾ ಹಿಡಿಯಿತು. ಡಿಕ್ಷನರಿ ನೋಡಿ ನೋಡಿ ಕಣ್ಣು ಉರಿ ಬಂತು, ನಗು ಮಾತ್ರ ಬರಲಿಲ್ಲ. ಹಿಂದಿನ ಆರು ಜನ ‘ಭಾರೀ ತಮಾಷೆ ಕಣೋ’ ಅಂದಿದ್ದರು. ನನಗೆ ಇಂಗ್ಲಿಷ್ ಬರೋದಿಲ್ಲ ಅಂತ ಹೇಳಿಕೊಳ್ಳಲು ನಾಚಿಕೆಯಾಗಿ ಸಹಿ ಹಾಕಿಬಿಟ್ಟೆ. ಆಮೇಲೆ ಅದನ್ನು ಎಂಟನೇ ನಂಬರಿನವನಿಗೆ ಕೊಡಲೂ ಭಯ. ಅವನು ‘ಯಾವ ಭಾಗ ಚೆನ್ನಾಗಿದೆ’ ಅಂತ ಕೇಳಿದರೆ? ಹೊಲಿಗೆ ಮೆಷಿನ್ ಹಿಂದೆ, ಬಟ್ಟೆ ತುಂಡುಗಳ ಚೀಲದೊಳಗೆ ಬಚ್ಚಿಟ್ಟೆ.

ಆ ಚೀಲ ಅಕ್ಕನದು. ಅಕ್ಕ ಇದೇ ಶಾಲೆಯಲ್ಲಿ ಓದಿ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು. ಪಿಯುಸಿ ಮೊದಲ ವರ್ಷ ಮುಗಿಯುವಷ್ಟರಲ್ಲಿ ಅಮ್ಮನಿಗೆ ಹುಷಾರು ತಪ್ಪಿತು. ಕಾಲೇಜು ಬಿಟ್ಟಳು, ಈಗ ಬ್ಲೌಸ್ ಹೊಲಿಯುತ್ತಾಳೆ. ಒಂದು ರಾತ್ರಿ ಅಡುಗೆಮನೆಯಲ್ಲಿ ಅವಳೊಬ್ಬಳೇ ಬಿದ್ದು ಬಿದ್ದು ನಗುತ್ತಿದ್ದಳು. ‘ಏನಾಯ್ತೇ ನಿಂಗೆ?’ ಅಂತ ಅಮ್ಮ ಎದ್ದು ಬಂದರು. ನೋಡಿದರೆ ಕೈಯಲ್ಲಿ ಕರಡಿ ಪುಸ್ತಕ!

ಅವಳು ನಗುತ್ತಿದ್ದದ್ದು ಯಾಕೆಂದರೆ, ಕಾಟ್ಜ್ ನಡೆಯಲು ಶುರು ಮಾಡಿದ ಮೊದಲ ದಿನವೇ ಭಾರ ಹೊರಲಾರದೆ ಚೀಲದಲ್ಲಿದ್ದ ಎಷ್ಟೋ ತಿನ್ನುವ ಸಾಮಾನನ್ನು ಕಾಡಿಗೆ ಎಸೆದುಬಿಡುತ್ತಾನೆ. ‘ಥೇಟ್ ನಮ್ಮಪ್ಪ ಕಣೋ’ ಅಂದಳು. ನಮ್ಮಪ್ಪ ಒಂದು ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋದಾಗ ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ಡಬ್ಬವನ್ನು ಯಾರದೋ ಜಗಲಿಯಲ್ಲಿಟ್ಟು ಹೋಗಿದ್ದರು. ಅಷ್ಟೇ ಅಲ್ಲ, ಕೊಟ್ಟಿಗೆಹಾರದಲ್ಲಿ ಬಸ್ ಹತ್ತಿ ಚಾರ್ಮಾಡಿ ಘಾಟಿ ಇಳಿದಿದ್ದರು. ಊರಲ್ಲಿ ಈಗಲೂ ಪೂರ್ತಿ ನಡೆದೆ ಅಂತಲೇ ಹೇಳುತ್ತಾರೆ.

ಅವತ್ತಿನಿಂದ ರಾತ್ರಿ ಊಟವಾದ ಮೇಲೆ ಅಕ್ಕ ಓದಿ ಕನ್ನಡದಲ್ಲಿ ಹೇಳುವುದು, ನಾವು ಕೇಳುವುದು. ವರ್ಜೀನಿಯಾದ ಕಾಡಿನಲ್ಲಿ ಒಂದು ರಾತ್ರಿ ಟೆಂಟಿನ ಹೊರಗೆ ಏನೋ ದೊಡ್ಡ ಪ್ರಾಣಿ ಬಂದ ಸದ್ದು. ಬ್ಯಾಟರಿ ಬಿಟ್ಟರೆ ಕಣ್ಣು ಹೊಳೆಯುತ್ತಿವೆ. ಬ್ರೈಸನ್ ಆಯುಧ ಹುಡುಕಿದರೆ ಸಿಕ್ಕಿದ್ದು ಉಗುರು ಕತ್ತರಿಸೋ ನೇಲ್ ಕಟರ್! ಇದನ್ನು ಕೇಳಿ ಅಪ್ಪನೂ ನಕ್ಕರು. ಕೊನೆಗೆ ಬ್ರೈಸನ್ ತಾವು ನಡೆದದ್ದನ್ನೆಲ್ಲ ಕೂಡಿಸಿ 870 ಮೈಲಿ, ದಾರಿಯ ಶೇಕಡಾ 39.5 ಮಾತ್ರ ಎಂದು ಲೆಕ್ಕ ಒಪ್ಪಿಸುತ್ತಾರೆ. ಆಗ ಅಪ್ಪ ಎದ್ದು ದನಕ್ಕೆ ಹುಲ್ಲು ಹಾಕಲು ಹೋದರು. ನಾನೂ ಹಿಂದೆಯೇ ಹೋದೆ. ನನ್ನ ಶೇಕಡಾ ಎಷ್ಟು ಅಂತ ಅಕ್ಕ ಕೇಳಿಬಿಟ್ಟರೆ ಅಂತ.

ಸಿಕ್ಕಿಬಿದ್ದದ್ದು ಮಾತ್ರ ಬೇರೆ ಥರ. ಪುಸ್ತಕದಲ್ಲಿ ಗೇಟ್‌ವುಡ್ ಎಂಬ ಅಜ್ಜಿಯ ಮಾತು ಚೂರು ಬರುತ್ತದೆ. ‘ಆ ಅಜ್ಜಿ ಏನು ಹೊತ್ಕೊಂಡು ನಡೆದ್ಲೋ, ನಿಮ್ಮ ಮೇಷ್ಟ್ರನ್ನ ಕೇಳ್ಕೊಂಡು ಬಾರೋ’ ಅಂದಳು ಅಕ್ಕ. ಕೇಳಿದೆ. ಮೇಷ್ಟ್ರಿಗೆ ಗೊತ್ತಿತ್ತು. ಎಮ್ಮಾ ಗೇಟ್‌ವುಡ್ 1955ರಲ್ಲಿ, 67ನೇ ವಯಸ್ಸಿನಲ್ಲಿ, ಒಬ್ಬರೇ ಆ ದಾರಿ ಪೂರ್ತಿ ನಡೆದರಂತೆ. ಹನ್ನೊಂದು ಮಕ್ಕಳ ತಾಯಿ. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ಕೈಯಾರೆ ಹೊಲಿದ ಬಟ್ಟೆ ಚೀಲ. ಇಷ್ಟು ಹೇಳಿ ಮೇಷ್ಟ್ರು ನನ್ನನ್ನೇ ನೋಡಿ, ‘ಇದು ನಿನ್ನ ಪ್ರಶ್ನೆ ಅಲ್ವಲ್ಲೋ?’ ಅಂದರು. ಅಳು ಬಂತು. ಎಲ್ಲ ಹೇಳಿದೆ. ಬೈಯಲಿಲ್ಲ. ‘ನಿನ್ನಕ್ಕ ಚೆನ್ನಾಗಿ ಓದ್ತಿದ್ಲು’ ಎಂದಷ್ಟೇ ಹೇಳಿ ಕಿಟಕಿ ಕಡೆ ನೋಡುತ್ತಾ ಕೂತರು.

ಚೀಲದ ವಿಷಯ ಹೇಳಿದಾಗ ಅಕ್ಕ ಸುಮಾರು ಹೊತ್ತು ಮೆಷಿನ್ ತುಳಿಯಲೇ ಇಲ್ಲ.

ಮೇಷ್ಟ್ರ ಒಪ್ಪಿಗೆ ಪಡೆದು ಏಳರಲ್ಲಿ ನನ್ನ ಹೆಸರು ಹೊಡೆದುಹಾಕಿದ್ದೇನೆ. ‘ನಾನೀಗ ನಿಮ್ಮ ಸ್ಕೂಲಿನವಳಲ್ಲ’ ಅಂತ ಅಕ್ಕ ಮೊದಲು ಒಪ್ಪಲಿಲ್ಲ. ಆಮೇಲೆ ಪೂರ್ತಿ ಹೆಸರು ಬರೆದು, ಇಂಗ್ಲಿಷಿನಲ್ಲಿ ಸಹಿ ಹಾಕಿದಳು. ಎಂಟನೇ ನಂಬರಿನವನು ನಾಳೆ ನನ್ನ ಹತ್ತಿರ ಪುಸ್ತಕ ಇಸಕೊಳ್ಳಬಹುದು. ಹರಿದಿದ್ದ ರಟ್ಟಿಗೆ ಅಕ್ಕ ಹಸಿರು ಬ್ಲೌಸ್ ಪೀಸಿನ ಹೊದಿಕೆ ಹೊಲಿದಿದ್ದಾಳೆ. ಕರಡಿ ಒಳಗಿದೆ. ನೇಲ್ ಕಟರ್ ಪುಟದಲ್ಲಿರುವ ಎಣ್ಣೆ ಕಲೆ ನಮ್ಮ ಮನೆಯದೇ. ಎಲ್ಲರದೂ ಆದ ಮೇಲೆ ಪುಸ್ತಕ ನನಗೆ ವಾಪಸ್ ಕೊಡಿ, ಮೂರನೇ ಪುಟದಿಂದ ಓದುವುದಿದೆ.