ಅಸಲಿ ಕೋಳಿ, ಒಂಟಿ ಜುಟ್ಟು

ಮಾಸ್ತರು ಕೋಳಿ ಸಾಕಿದರೆ ಊರವರಿಗೆ ಬರುವುದು ಎರಡೇ ಅನುಮಾನ. ಒಂದೋ ಸಂಬಳ ಸಾಲುತ್ತಿಲ್ಲ, ಇಲ್ಲವೇ ಪಂದ್ಯದ ಹುಚ್ಚು ಹಿಡಿದಿದೆ. ನಮ್ಮ ನಿಂಬರ್ಗಾದಲ್ಲಿ ನನ್ನ ಬಗ್ಗೆ ಈ ಎರಡೂ ಮಾತು ಕೇಳಿಬಂದವು. ನಾನು ಸಾಕಿದ್ದು ಅಸೀಲ್ ಕೋಳಿಗಳನ್ನು. ಹೋರಾಟಕ್ಕೆ ಹೆಸರಾದ ತಳಿ ಅದು. ಆದ್ದರಿಂದ ಅನುಮಾನ ಪಡುವುದು ಸಹಜವೇ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಕೋಳಿ ಕಾಳಗ ಅಪರಾಧ ಎಂದು ಎಷ್ಟೋ ಸಲ ಕಟ್ಟೆಯ ಮೇಲೆ ಕೂತು ಹೇಳಿದ್ದೇನೆ. ಕೇಳಿದವರು ತಲೆಯಾಡಿಸಿ, "ಆದ್ರೂ ಸರ, ನಿಮ್ಮ ಹುಂಜ ಗೆಲ್ತದ ಬಿಡ್ರಿ" ಎನ್ನುತ್ತಿದ್ದರು.

ಅಸೀಲ್ ಎಂದರೆ ಅಸಲಿ, ಕುಲೀನ ಎಂದರ್ಥ. ಉರ್ದು ಬಲ್ಲ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉದ್ದ ಕತ್ತು, ನೆಟ್ಟಗಿನ ನಿಲುವು, ಮೈಗಂಟಿದ ಗಟ್ಟಿ ಪುಕ್ಕ, ಕೊಕ್ಕಿನ ಕೆಳಗೆ ತೊಗಲು ಜೋತಾಡದ ಗದ್ದ, ತಲೆಗೆ ಒತ್ತಿಕೊಂಡ ಪುಟ್ಟ ಬಟಾಣಿ ಜುಟ್ಟು. ಬಟಾಣಿ ಜುಟ್ಟೆಂದರೆ ಮೂರು ತಗ್ಗಾದ ಏಣುಗಳ ಸಾಲು. ಊರ ಕೋಳಿಗಳ ಗರಗಸದಂಥ ಒಂಟಿ ಜುಟ್ಟಲ್ಲ. ಬಣ್ಣಕ್ಕೊಂದು ಹೆಸರೂ ಉಂಟು. ಕಪ್ಪಗಿದ್ದರೆ ಕಾಗರ್, ಹೊಂಗೆಂಪಾದರೆ ಪೀಲಾ, ಕಪ್ಪು ಕೆಂಪು ಬೆರೆತಿದ್ದರೆ ಯಾಕೂಬ್. ಹೀಗೆ ತಳಿಯ ಲಕ್ಷಣಗಳನ್ನು ಬರೆದಿಟ್ಟು, ಅದಕ್ಕೆ ಹೊಂದುವ ಹಕ್ಕಿಗಳನ್ನಷ್ಟೇ ಮುಂದಿನ ಪೀಳಿಗೆಗೆ ಆರಿಸುವ ಪದ್ಧತಿಗೆ ಪುಸ್ತಕದ ರೂಪ ಬಂದದ್ದು 1865ರಲ್ಲಿ, ಇಂಗ್ಲೆಂಡಿನಲ್ಲಿ. ಅದನ್ನು ಸಂಪಾದಿಸಿದ ಟೆಗೆಟ್‌ಮಿಯರ್ ಡಾರ್ವಿನ್ನರಿಗೆ ಕೋಳಿ, ಪಾರಿವಾಳಗಳ ವಿಷಯದಲ್ಲಿ ನೆರವಾದವರು. ಅಮೆರಿಕದ ಪುಸ್ತಕ 1874ರದು. ನಮ್ಮಲ್ಲಿ ದೇಶಿ ತಳಿಗಳನ್ನು ನೋಂದಾಯಿಸುವುದು ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ.

"ಮೊಟ್ಟಿ ಇಡ್ತಾವೇನ್ರಿ?" ಎಂದು ಕೇಳಿದವರಿಗೆ ಉತ್ತರ ಹೇಳಲು ಸಂಕೋಚವಾಗುತ್ತದೆ. ನನ್ನ ಹೇಂಟೆಗಳು ವರ್ಷಕ್ಕೆ 40 ಇಟ್ಟರೆ ಹೆಚ್ಚು. ಲಾಭ ಬೇಕಾದವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಗಿರಿರಾಜ ಸಾಕುವುದೇ ಮೇಲು. ಆದರೆ ಅದು ಸಂಕರ ಕೋಳಿ, ಅದರ ಮರಿಗಳು ಅದರಂತೆಯೇ ಆಗುವುದಿಲ್ಲ. ತಂದೆಯಂತೆ ಮಗ, ತಾಯಿಯಂತೆ ಮಗಳು ಹುಟ್ಟುವುದನ್ನು ಹತ್ತಿರದಿಂದ ನೋಡಬೇಕೆಂಬುದು ನನ್ನ ಆಸೆಯಾಗಿತ್ತು.

2015ರಲ್ಲಿ ಒಂದು ಹುಂಜ, ಒಂದು ಕೆಂಪು ಹೇಂಟೆ ತಂದೆ. ಮೊದಲು ಥರ್ಮೋಕೋಲ್ ಡಬ್ಬಿ, ಬಲ್ಬು, ಥರ್ಮೋಸ್ಟಾಟ್ ಸೇರಿಸಿ ಕಾವುಪೆಟ್ಟಿಗೆ ಮಾಡಿದೆ. 37.5 ಡಿಗ್ರಿ ಶಾಖ ಇರಬೇಕು, ಮೂಲೆಯಲ್ಲಿ ನೀರಿನ ಬಟ್ಟಲು ಇರಬೇಕು, 18ನೆಯ ದಿನದವರೆಗೆ ಮೊಟ್ಟೆಗಳನ್ನು ದಿನಕ್ಕೆ ಮೂರು ಸಲವಾದರೂ ಹೊರಳಿಸಬೇಕು. ಎಲ್ಲ ಮಾಡಿದೆ. ಕರೆಂಟು ಮಾತ್ರ ನನ್ನ ಮಾತು ಕೇಳಲಿಲ್ಲ. ಕೊನೆಗೆ ಕಾವಿಗೆ ಕೂತ ಊರ ಕೋಳಿಯೇ ಗತಿಯಾಯಿತು. ಅದಕ್ಕೆ ಥರ್ಮೋಸ್ಟಾಟೂ ಬೇಡ, ಕರೆಂಟೂ ಬೇಡ. ನಾನು ಮಾಡಬೇಕಾದದ್ದು ಏಳನೆಯ ರಾತ್ರಿ ಬ್ಯಾಟರಿ ಬೆಳಕಿಗೆ ಮೊಟ್ಟೆ ಹಿಡಿದು, ಜೇಡನ ಬಲೆಯಂಥ ರಕ್ತನಾಳ ಕಂಡವನ್ನು ಉಳಿಸಿ ಉಳಿದದ್ದನ್ನು ತೆಗೆಯುವುದಷ್ಟೇ. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. 40 ಡಿಗ್ರಿಯ ಬಿಸಿಲಿಗೆ ಕೂಡಿಟ್ಟ ಮೊಟ್ಟೆಯೊಳಗೆ ಭ್ರೂಣ ಅರ್ಧಂಬರ್ಧ ಬೆಳೆದು ಸತ್ತಿರುತ್ತದೆ.

ಎರಡು ವರ್ಷದಲ್ಲಿ ಕೆಂಪು ಹೇಂಟೆಯಿಂದ 26 ಮರಿಗಳಾದವು. ಎಲ್ಲಕ್ಕೂ ಬಟಾಣಿ ಜುಟ್ಟು. ನನ್ನ ಎದೆ ಉಬ್ಬಿತು. ಈ ನಡುವೆ ಇನ್ನೊಂದು ಕಪ್ಪು ಹೇಂಟೆ ತಂದಿದ್ದೆ. 2017ರ ಫೆಬ್ರುವರಿಯಲ್ಲಿ ಅದು ಇಟ್ಟ ಮೊದಲ 11 ಮೊಟ್ಟೆಗಳನ್ನು ಒಂಬತ್ತನೆಯ ತರಗತಿಯ ಒಬ್ಬ ಹುಡುಗನಿಗೆ ಕೊಟ್ಟೆ. ದಿನವೂ ಸಂಜೆ ಬಂದು ನನ್ನ ಕೋಳಿಗೂಡಿನ ಮುಂದೆ ಕೂರುತ್ತಿದ್ದ ಹುಡುಗ ಅವನು. ಎಂಟು ಮರಿಗಳೆದ್ದವು. ಮರುದಿನವೇ ಬುಟ್ಟಿ ಹೊತ್ತು ತಂದ. ನೋಡಿದರೆ ಎರಡು ಮರಿಗಳ ತಲೆಯ ಮೇಲೆ ಒಂದೇ ತೆಳು ಗೆರೆ. ಒಂಟಿ ಜುಟ್ಟು!

"ನಿಮ್ಮ ಮನಿ ಕೋಳಿ ಮೊಟ್ಟಿ ಕೂಡಿಸಿಟ್ಟಿ ಏನೋ?" ಎಂದೆ.

"ಇಲ್ರಿ ಸರ. ಎಲ್ಲಾ ಮೊಟ್ಟಿ ಮ್ಯಾಲ ಪೆನ್ಸಿಲ್‌ಲೆ ನಂಬರ್ ಬರದಿದ್ದೆ. ನಾಕನೇದು, ಏಳನೇದು ಇವು."

ನಾನು ನಂಬಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಸಂತೆಯಲ್ಲಿ ಅವನ ತಂದೆ ಸಿಕ್ಕಾಗ, "ನಿಮ್ಮ ಹುಡುಗ ಸುಳ್ಳು ಹೇಳೋದು ಕಲಿತಾನ" ಎಂದುಬಿಟ್ಟೆ. ಆ ತಂದೆ ಮಗನನ್ನು ಏನೂ ಕೇಳಲಿಲ್ಲವಂತೆ. ಮಾಸ್ತರು ಹೇಳಿದ ಮೇಲೆ ಕೇಳುವುದೇನಿದೆ? ಎರಡೇಟು ಬಿದ್ದವು, ಎಂಟೂ ಮರಿಗಳು ಮಾರಾಟವಾದವು. ಇದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಹುಡುಗ ಸಂಜೆ ಬರುವುದನ್ನು ನಿಲ್ಲಿಸಿದ. ತರಗತಿಯಲ್ಲಿ ಕೈ ಎತ್ತುವುದನ್ನೂ ನಿಲ್ಲಿಸಿದ. ಹತ್ತನೆಯ ತರಗತಿಗೆ ಬಂದವನಿಗೆ ಮೆಂಡಲ್‌ನ ಪಾಠ ಮಾಡುವಾಗ, ಪ್ರಾಣಿಗಳಲ್ಲೂ ಆ ನಿಯಮ ನಡೆಯುತ್ತದೆಂದು 1902ರಲ್ಲಿ ಬೇಟ್ಸನ್ ತೋರಿಸಿದ್ದು ಕೋಳಿಯ ಜುಟ್ಟಿನ ಮೇಲೆಯೇ ಎಂದು ನಾನು ಹುರುಪಿನಿಂದ ಹೇಳುತ್ತಿದ್ದೆ. ಅವನು ಡೆಸ್ಕು ನೋಡುತ್ತ ಕೂತಿದ್ದ.

ಆ ವರ್ಷ ದಸರೆಯ ಹೊತ್ತಿಗೆ ಕಪ್ಪು ಹೇಂಟೆಯ ಮೊಟ್ಟೆಗಳನ್ನು ನಾನೇ ಕಾವಿಗಿಟ್ಟೆ. ಒಂಬತ್ತು ಮರಿಗಳಲ್ಲಿ ಎರಡಕ್ಕೆ ಒಂಟಿ ಜುಟ್ಟು.

ಅವತ್ತು ಊಟ ಸೇರಲಿಲ್ಲ. ಪಾಠ ಹೇಳುವವನಿಗೆ ಲೆಕ್ಕ ಗೊತ್ತೇ ಇತ್ತು. ಬಟಾಣಿ ಜುಟ್ಟಿನ ಅಂಶ ಪ್ರಬಲ, ಒಂಟಿ ಜುಟ್ಟಿನದು ದುರ್ಬಲ. ಹುಂಜವೂ ಹೇಂಟೆಯೂ ಎರಡೂ ಒಳಗೊಳಗೆ ಒಂಟಿ ಜುಟ್ಟಿನ ಅಂಶ ಹೊತ್ತಿದ್ದರೆ ನಾಲ್ಕರಲ್ಲಿ ಒಂದು ಮರಿ ಹಾಗೆ ಹುಟ್ಟುತ್ತದೆ. ಕೆಂಪು ಹೇಂಟೆ ಶುದ್ಧವಾಗಿದ್ದರಿಂದ ಹುಂಜದ ಗುಟ್ಟು ಎರಡು ವರ್ಷ ಹೊರಬಿದ್ದಿರಲಿಲ್ಲ. ಆದರೂ ಮನಸ್ಸು ಒಪ್ಪಬೇಕಲ್ಲ! ಬೀದಿ ಹುಂಜ ಬಂದಿರಬಹುದೇ ಎಂದುಕೊಂಡೆ. ಬಂದಿದ್ದರೂ ಹೇಂಟೆ ಶುದ್ಧವಿದ್ದರೆ ಒಂಟಿ ಜುಟ್ಟು ಹುಟ್ಟುವಂತಿಲ್ಲ. ಪರೀಕ್ಷೆಯೊಂದೇ ದಾರಿ. ನೆರೆಮನೆಯಿಂದ ಒಂಟಿ ಜುಟ್ಟಿನ ಊರ ಹೇಂಟೆ ತಂದು ಮೂರು ವಾರ ಬೇರೆ ಕೂಡಿಹಾಕಿದೆ. ಹಿಂದಿನ ಹುಂಜದ ವೀರ್ಯ ಅಷ್ಟು ದಿನ ಅದರೊಳಗೆ ಉಳಿಯಬಲ್ಲದು. ಆಮೇಲೆ ನನ್ನ ಹುಂಜವನ್ನು ಬಿಟ್ಟೆ. ಹತ್ತು ಮರಿಗಳಾದವು, ನಾಲ್ಕಕ್ಕೆ ಒಂಟಿ ಜುಟ್ಟು. ಹುಂಜ ಶುದ್ಧವಾಗಿದ್ದರೆ ಒಂದೂ ಇರಬಾರದಿತ್ತು.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಬಟಾಣಿ ಜುಟ್ಟು ಪೂರ್ಣ ಪ್ರಬಲವಲ್ಲ. ಮಿಶ್ರ ಹಕ್ಕಿಯಲ್ಲಿ ನಡುವಿನ ಏಣು ಕೊಂಚ ಎತ್ತರಕ್ಕೆ ಬೆಳೆದಿರುತ್ತದೆ. ನನ್ನ ಹುಂಜದ ತಲೆಯ ಮೇಲೆ ಆ ಎತ್ತರದ ಏಣು ಎರಡು ವರ್ಷದಿಂದ ಕಣ್ಣೆದುರಿಗೇ ಇತ್ತು. ಅದನ್ನು ನಾನು ಗತ್ತು ಎಂದು ತಿಳಿದು ಬಂದವರಿಗೆಲ್ಲ ತೋರಿಸಿದ್ದೆ. ಇದರ ಮೂಲ ಸಾಕ್ಸ್5 ಎಂಬ ಜೀನಿನೊಳಗೆ ಒಂದು ತುಣುಕು ಮತ್ತೆ ಮತ್ತೆ ನಕಲಾಗಿರುವುದು ಎಂದು 2009ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳ ತಂಡ ಪತ್ತೆ ಮಾಡಿದೆ. ಅದನ್ನೂ ಓದಿದ್ದೆ!

ಎಳ್ಳಮಾವಾಸ್ಯೆಯ ದಿನ ಅವರ ಹೊಲಕ್ಕೆ ಹೋದೆ. ಚರಗ ಚೆಲ್ಲಿ ಎಲ್ಲರೂ ಬೇವಿನ ಗಿಡದ ಕೆಳಗೆ ಕೂತಿದ್ದರು. ಅವನ ತಾಯಿ ಸಜ್ಜಿ ರೊಟ್ಟಿ, ಬಜ್ಜಿ ಬಡಿಸಲು ಬಂದರು. ಮೊದಲು ಹೇಳಿ ಆಮೇಲೆ ಉಣ್ಣುತ್ತೇನೆಂದು ಎಲ್ಲರೆದುರು ಹೇಳಿದೆ: ಹುಡುಗ ಸುಳ್ಳಾಡಿರಲಿಲ್ಲ, ತಪ್ಪು ನನ್ನದು, ನನ್ನ ಹುಂಜದ್ದು. ತಂದೆ ಗಾಬರಿಯಾಗಿ, "ಹೋಗ್ಲಿ ಬಿಡ್ರಿ ಸರ, ಒಂದು ಕೋಳಿ ಸಲುವಾಗಿ ಇಷ್ಟ್ಯಾಕ್ರಿ" ಎಂದರು. ಮಗನ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಮ್ಮ ತಾಟಿನೊಳಗಿನ ಕಡುಬನ್ನು ತೆಗೆದು ಅವನ ತಾಟಿಗೆ ಹಾಕಿದರು.

ಕೆಂಪು ಹೇಂಟೆಯ ಮೊಟ್ಟೆ ಕೊಡುತ್ತೇನೆ, ಈ ಸಲ ತಪ್ಪಾಗದು ಎಂದೆ ಹುಡುಗನಿಗೆ.

"ಬ್ಯಾಡ್ರಿ. ಕರಿ ಹ್ಯಾಂಟಿದೇ ಕೊಡ್ರಿ. ಎಣಿಸಿ ನೋಡ್ತೀನಿ."

ಸಂಕ್ರಾಂತಿಯ ಮರುದಿನ ಅವರ ಮನೆಯಲ್ಲಿ 12 ಮೊಟ್ಟೆಗಳು ಕಾವಿಗೆ ಕೂತವು. ಪೆನ್ಸಿಲಿನ ಬದಲು ಈ ಸಲ ಶಾಯಿಯಲ್ಲೇ ನಂಬರ್ ಬರೆದಿದ್ದ. ಹತ್ತು ಮರಿಗಳೆದ್ದವು. ಮೂರಕ್ಕೆ ಒಂಟಿ ಜುಟ್ಟು. ಏಳದೆ ಉಳಿದ ಎರಡು ಮೊಟ್ಟೆಗಳೊಳಗೆ ಯಾವ ಜುಟ್ಟಿತ್ತೆಂದು ಒಡೆದು ನೋಡೋಣ ಎಂದು ಅವನು ಹಟ ಹಿಡಿದ. ನಾಳೆ ಪ್ರಯೋಗಾಲಯಕ್ಕೆ ತಾ ಎಂದೆ.